ಬ್ರೂನೋನ ರವಿವಾರಗಳು

ಜುಲೈ 7, ಸೋಮವಾರ. ಮುಂಜಾನೆ

ಶ್ರೀಮಾನ್ ಬ್ರೂನೋ ಅವರ ಮಂಗಲಸ್ನಾನ ಮುಗೀತು. ಔಷಧದ ಶ್ಯಾಂಪೂ ಹಚ್ಚಿ ಹತ್ತು ನಿಮಿಷ ನೊರಿ ಹಂಗ ಬಿಡಬೇಕಂತ ಬಾಟ್ಲಿ ಮ್ಯಾಲ ಬರದೇತಿ. ಬರದಾಂವ ನಾಯಿ ಸಾಕಿಲ್ಲ. ಎರಡನೇ ನಿಮಿಷಕ್ಕ ಮೈ ಝಾಡಿಸಿದ. ನೊರಿ ನನಗ, ಗ್ವಾಡಿಗೆ, ಹಗ್ಗದ ಮ್ಯಾಲಿನ ಇವರ, ಅಂದ್ರ ನಮ್ಮ ಯಜಮಾನರ, ಅಂಗಿಗೆ. ಈ ಮನ್ಯಾಗ ಎಲ್ಲಾರ ಚರ್ಮರೋಗಾನೂ ವಾಸಿ ಆಗತೇತಿ, ಅವನೊಬ್ಬನ್ನ ಬಿಟ್ಟು.

ಹೊಟ್ಟಿ ಕೆಳಗ ಮತ್ತ ಕೆಂಪು. ಬಗಲಾಗ ಕೂದಲ ಉದರಿ ಚರ್ಮ ಕಾಣಾಕತ್ತೇತಿ. ನಿನ್ನೆ ಮುಂಜಾನೆ ನಾ ಧಾರವಾಡಕ್ಕ ಟ್ಯೂಶನ್ ಹೇಳಾಕ ಹೋಗೂಮುಂದ ಛಲೋ ಇದ್ದ.

"ಮೈಲಾರಿಗೆ ದೃಷ್ಟಿ ಆಗೇತಿ ನೋಡವಾ" ಅಂದ್ರು ಅತ್ತಿಯವರು. ಡಾಕ್ಟರ್ ಫೈಲಿನ್ಯಾಗ ಅವನ ಹೆಸರು ಬ್ರೂನೋ, ಅತ್ತಿಯವರ ರಾಜ್ಯದಾಗ ಮೈಲಾರಿ. ಮನಿದೇವರು ಮೈಲಾರಲಿಂಗ, ನಾಯಿ ಅವನ ಪರಿವಾರ. ಹಿಂಗಾಗಿ ಇಲ್ಲಿ ನಾಯಿಗೆ ಇರೂ ಮರ್ಯಾದಿ ಸೊಸಿಗೆ ಬರಾಕ ಇನ್ನೊಂದ ಜನ್ಮ ಬೇಕು.

ಜುಲೈ 9, ಬುಧವಾರ

ದೇಶಪಾಂಡೆ ನಗರದ ನಾಯಿ ದವಾಖಾನಿ. ಡಾಕ್ಟರ್ ಜಾಯ್ಲಿನ್ ಕಿವಿ ನೋಡಿದ್ರು, ಹೊಟ್ಟಿ ನೋಡಿದ್ರು, ಚರ್ಮ ಕೆರದು ಗಾಜಿನ ಮ್ಯಾಲ ಹಚ್ಚಿ ನೋಡಿದ್ರು. ಹುಳ ಇಲ್ಲ, ಫಂಗಸ್ ಇಲ್ಲ. ಊಟದ ಅಲರ್ಜಿ ಇರಬಹುದಂತ.

"ಎರಡ ತಿಂಗಳ ಬರೇ ಅನ್ನ, ಕುಂಬಳಕಾಯಿ, ಮೀನ. ಗೋಧಿ, ಹಾಲು, ಚಿಕನ್ ಬಾಯಾಗ ಬೀಳಬಾರದು. ಒಂದ ಬಿಸ್ಕೀಟ್ ಬಿದ್ರೂ ಮತ್ತ ಮೊದಲಿಂದ ಶುರು ಮಾಡಬೇಕಾಗತದ ನೋಡ್ರಿ."

ಮನಿಗೆ ಬಂದು ಅತ್ತಿಯವರಿಗೆ ಎಲ್ಲಾ ಬಿಡಿಸಿ ಹೇಳಿದೆ. "ಹೂಂ" ಅಂದ್ರು. ಇಷ್ಟ ಸರಳ ಹೂಂ ನನ್ನ ಮದಿವ್ಯಾಗೂ ಸಿಕ್ಕಿದ್ದಿಲ್ಲ.

ಜುಲೈ 21, ಸೋಮವಾರ

ಮತ್ತ ಕೆಂಪು. ಗುರುವಾರ ಶುಕ್ರವಾರದ ಹೊತ್ತಿಗೆ ಮಾಯ್ದು ಬರತೇತಿ, ಸೋಮವಾರ ಹೊಳ್ಳಿ ಹಾಜರ್. ರಜಾ ಮುಗಿಸಿ ಡ್ಯೂಟಿಗೆ ಬಂದಂಗ.

ತನಿಖಾ ಆಯೋಗ ನೇಮಕ ಆತು. ಅಧ್ಯಕ್ಷೆ, ಸದಸ್ಯೆ, ಜವಾನ ಎಲ್ಲಾ ನಾನ. ಪ್ಲಾಸ್ಟಿಕ್ ಬೋಗುಣಿ ಒಗದು ಸ್ಟೀಲಿಂದು ತಂದೆ. ಅವನ ಚಾಪಿ ಸುಟ್ಟೆ. ಬಾಜೂ ಖಾಲಿ ಪ್ಲಾಟಿನ್ಯಾಗ ಎದಿಮಟ ಬೆಳದ ಕಾಂಗ್ರೆಸ್ ಕಸ, ಕೈಗೆ ಕ್ಯಾರಿಬ್ಯಾಗ್ ಕಟಗೊಂಡು ಕಿತ್ತೆ. ಕಾಂಪೌಂಡ್ ಆಚೆ ಅಬೀದಾ ಅವರದೂ ವಿಚಾರಣೆ — "ನಮ್ಮ ಬ್ರೂನೋಗ ಏನರ ಹಾಕತೀರೇನ್ರಿ?"

"ಬಿರ್ಯಾನಿ ಮಾಡಿದ ದಿನ ನಾಯಿಗಿಂತ ಮೊದಲ ನೀವ ಕಾಂಪೌಂಡಿಗೆ ಬಂದಿರತೀರಿ ವಿದ್ಯಾ. ಅದಕ್ಕೆಲ್ಲಿ ಉಳೀತೇತಿ?"

ಆರೋಪಿ ಖುಲಾಸೆ. ಮಾನ ಹೋದದ್ದು ಆಯೋಗದ್ದು.

ಕೆರಕೊಳ್ಳೂಮುಂದ ಕಾಲು ನೆಲಕ್ಕ ಬಡಿಯೂ ಸಪ್ಪಳ — ಡಬ್ ಡಬ್ ಡಬ್. ಸಾಲ್ಯಾಗ ಬೋರ್ಡ್ ಮುಂದ ನಿಂತಾಗೂ ಕೇಳಸತೇತಿ. ಅಂವ ಮನ್ಯಾಗ ಇರತಾನ, ನಾ ಸಾಲ್ಯಾಗ.

ಒಂದ ಸಮಾಧಾನ. ಸಂಜೀಕ ಇವರ ಬೈಕು ಇನ್ನೂ ಮೇನ್ ರೋಡ್ ತಿರುವಿನ್ಯಾಗ ಇರೂಮುಂದನ ಅಂವ ತಲಿ ಎತ್ತತಾನ. ಮೊದಲ ಒಂದ ಕಿವಿ ನೆಟ್ಟಗ, ಆಮ್ಯಾಲ ಇನ್ನೊಂದು, ಆಮ್ಯಾಲ ಬಾಲ. ಬ್ಯಾರೆ ಬೈಕಿಗಾದ್ರ ಒಂದ ಕಿವಿಗೇ ಮುಗೀತು. ಎರಡೂ ಎದ್ದವಂದ್ರ ಅತ್ತಿಯವರು ಮಗನ ಚಾಕ್ಕ ನೀರ ಇಡತಾರ. ಒಮ್ಮೆಯೂ ತಪ್ಪಿಲ್ಲ.

ಜುಲೈ 27, ರವಿವಾರ

ಅಕ್ಷರ ಸೊಟ್ಟ ಸೊಟ್ಟ ಬರಾಕತ್ತಾವು. ಬರದದ್ದು ನನಗ ಓದಾಕ ಬರವಲ್ದು.

ಟ್ಯೂಶನ್ ಮುಗಿಸಿ ಬಂದೆ. ಬಾಗಲಕ್ಕ ಬರಲಿಲ್ಲ ಅಂವ. ದೇವರ ಖೋಲಿ ಮುಂದ ಬಿದ್ದಿದ್ದ. ಮಾರಿ ಬಾತು ಕಣ್ಣ ಮುಚ್ಚಿದ್ದವು. ತುಟಿ ಎರಡರಷ್ಟಾಗಿದ್ದವು. ಉಸಿರು ಗೊರ್ ಗೊರ್… ಅತ್ತಿಯವರು ಬಾಜೂಕ ಕುಂತು ಹಣಿಗೆ ದೇವರ ಭಂಡಾರದ ಅರಿಷಿಣ ಹಚ್ಚಿದ ಮ್ಯಾಲ ಹಚ್ಚಾಕತ್ತಿದ್ರು. ಬಂಗಾರದ ಹಳದಿ ಮಾರಿ, ಅದರಾಗ ಕಣ್ಣಿಲ್ಲ.

ಆಟೋದಾಗ ಅವನ ತಲಿ ನನ್ನ ತೊಡಿ ಮ್ಯಾಲ. ಸಿಗ್ನಲ್ಲಿನ್ಯಾಗ ಉಸಿರು ನಿಂತು… ಮತ್ತ ಬಂತು.

ಇಂಜೆಕ್ಷನ್ ಮ್ಯಾಲ ಇಂಜೆಕ್ಷನ್. ಬಾವು ಇಳದ ಮ್ಯಾಲ ಡಾಕ್ಟರ್ ನನ್ನನ್ನ ಹೊರಗ ಕರದ್ರು. "ಇದು ಇನ್ನ ಬರೇ ಚರ್ಮದ ಮಾತಲ್ರಿ. ಮುಂದಿನ ಸಲ ಗಂಟಲ ಮುಚ್ಚಿದ್ರ ನಿಮ್ಮ ಗೋಪನಕೊಪ್ಪದಿಂದ ಇಲ್ಲೀಮಟ ಬರೂದ ಆಗೂದಿಲ್ಲ. ಯಾರೋ ಏನೋ ಹಾಕ್ಯಾರ. ಹುಡುಕ್ರಿ."

ಚಾಷ್ಟಿ ಹೊಳೀವಲ್ದು ಇವತ್ತ.

ಆಗಸ್ಟ್ 3, ರವಿವಾರ

ಧಾರವಾಡಕ್ಕ ಹೊಂಟ ಚಿಗರಿ ಬಸ್ಸಿನ್ಯಾಗ ಕಿಡಕಿ ಹಿಡಕೊಂಡು ಕುಂತಾಗ ಹೊಳೀತು. ಪ್ರತಿ ಸೋಮವಾರದ ಹಿಂದ ಒಂದ ರವಿವಾರ ಇರತೇತಿ. ಗಣಿತದ ಟೀಚರಗ ಇಷ್ಟ ತಿಳಿಯಾಕ ಇಷ್ಟ ದಿನ ಬೇಕಾದ್ವು. ನವನಗರಕ್ಕ ಇಳದು ಹೊಳ್ಳಿ ಓಡಿ ಬಂದೆ.

ಹಿತ್ತಲಾಗ ಅತ್ತಿಯವರು. ಮಡಿ ಸೀರಿ. ನೆಲದ ಮ್ಯಾಲ ದೋಣಿ — ಮೈಲಾರಲಿಂಗನ ನೈವೇದ್ಯದ ಕಟಗಿ ಬಟ್ಟಲ. ತುಂಬ ಗೋಧಿ ಹುಗ್ಗಿ, ಮ್ಯಾಲ ಹಾಲು, ತುಪ್ಪ. "ಏಳುಕೋಟಿಗೋ…" ಅಂತ ದೇವರ ಜೈಕಾರ ಹಾಕಕೋತ ಬ್ರೂನೋನ ಮುಂದ ಸರಸಾಕತ್ತಿದ್ರು.

ಅವನ ನಾಲಿಗಿ ಮುಟ್ಟೂದ್ರಾಗ ಕಸಗೊಂಡೆ. ಅರ್ಧ ಹುಗ್ಗಿ ನನ್ನ ಸೀರಿ ಮ್ಯಾಲ.

"ಚಪ್ಪಲಗಾಲಾಗ ದೇವರ ದೋಣಿ ಮುಟ್ಟಿದೇನ?" ಸಣ್ಣ ದನಿ. ಬೈದಿದ್ರ ಛಲೋ ಇತ್ತು.

"ಅತ್ತಿ, ಗೋಧಿ, ಹಾಲು ಬ್ಯಾಡಂತ ಹೇಳಿದ್ದೆ ಅಲ್ರಿ."

"ಅದು ಊಟದ ಮಾತು. ಇದು ಪ್ರಸಾದ. ಪ್ರಸಾದಕ್ಕ ಎಲ್ಲೀ ಪಥ್ಯ?"

ಕೆರತ ಶುರು ಆದಾಗ ಹರಕಿ ಹೊತ್ತಾರ. ಮೈ ಮಾಯೂಮಟ ಪ್ರತಿ ರವಿವಾರ ಅವನ ಮುಂದ ದೋಣಿ ಇಡತೇನಿ ಅಂತ. ತೀರೂಮಟ ಹರಕಿ ಬಾಯಿಬಿಟ್ಟು ಹೇಳಬಾರದು. ಅದಕ್ಕ ನಾ ಇಲ್ಲದ ಹೊತ್ತು. ಕೆರತ ಹೆಚ್ಚಾದಂಗ ತುಪ್ಪಾನೂ ಹೆಚ್ಚ ಮಾಡ್ಯಾರ. ಹುಗ್ಗಿ ಉಂಡದ್ದಕ್ಕ ಕೆರತ, ಕೆರತ ಇದ್ದದ್ದಕ್ಕ ಹುಗ್ಗಿ. ಈ ಲೆಕ್ಕ ಎಲ್ಲಿ ಮುಗೀತೇತಿ ಅಂತ ನನಗ ಕಾಣತೇತಿ, ಅವರಿಗೆ ಕಾಣವಲ್ದು.

"ನಡುವ ಬಿಟ್ಟ ಹರಕಿ ಯಾರ ಮ್ಯಾಲ ಬರತೇತಿ ಗೊತ್ತೈತೇನ? ನನ್ನ ಮಗ ಫಕೀರೇಶ ದಿನಾ ಗಾಡಿ ಮ್ಯಾಲ ಊರೂರು ತಿರಗತಾನ" ಅಂದ್ರು.

ಆಗಸ್ಟ್ 5, ಮಂಗಳವಾರ

ಇವರು ಬೈಕ್ ಜಾರಿ ಬಿದ್ದು ಬಂದ್ರು. ಮೊಣಕಾಲ ಕೆತ್ತೇತಿ, ಅಷ್ಟ. "ಮಳ್ಯಾಗ ಎರಿಮಣ್ಣಿನ್ಯಾಗ ಮೈಲಾರಲಿಂಗನ ಕುದುರಿನೂ ಜಾರತೇತಿ" ಅಂತ ನಕ್ಕರು. ಅತ್ತಿಯವರು ನಗಲಿಲ್ಲ. ಬಾಗಲದಾಗಿನ ನನ್ನ ಚಪ್ಪಲ ನೋಡಿದ್ರು. ನಾನೂ ನೋಡಿದೆ.

ಕಾಕತಾಳೀಯ ಅಂದ್ರ ಏನಂತ ಮಕ್ಕಳಿಗೆ ಹೇಳಾಕಿ ನಾ. ಆಮ್ಯಾಲ ಹೋಗಿ ಚಪ್ಪಲ ಗೇಟಿನ ಹೊರಗ ಇಟ್ಟು ಬಂದೆ.

ಆಗಸ್ಟ್ 9, ಶನಿವಾರ

ಬಗಲಾಗ ಸಣ್ಣ ಕೂದಲ ಬರಾಕತ್ತಾವು. ಡಬ್ ಡಬ್ ಕಡಿಮಿ. ಯಾರಿಗೂ ಹೇಳಿಲ್ಲ — ದೃಷ್ಟಿ ಆದೀತು. ಈ ಮಾತು ಬರದಾಕಿ ನಾನ ಏನು?

ಅತ್ತಿಯವರು ಪಡಸಾಲ್ಯಾಗ ಮೊರ ಹಿಡಕೊಂಡು ಗೋಧಿ ಹಸನ ಮಾಡಾಕತ್ತಾರ. ಯಾಕಂತ ಕೇಳಲಿಲ್ಲ. ಕೇಳಿದ್ರ ಹೇಳಿಬಿಡತಾರ.

ಆಗಸ್ಟ್ 10, ರವಿವಾರ

ಟ್ಯೂಶನ್ನಿಗೆ ಹೋಗಲಿಲ್ಲ. ಅವನ ಕೊಳ್ಳಪಟ್ಟಿ ಹಿಡಕೊಂಡು ಹಿತ್ತಲ ಬಾಗಲದಾಗ ಕುಂತೆ. ಅತ್ತಿಯವರು ಬಂದ್ರು. ದೋಣಿ ಮ್ಯಾಲ ಅರಿವಿ ಮುಚ್ಚಿತ್ತು.

"ಅತ್ತಿ, ಕೈ ಮುಗೀತೇನ್ರಿ…"

"ಬಿಡು ಅವನ್ನ."

ಅರಿವಿ ತಗದ್ರು. ಅನ್ನ. ಹಿಚುಕಿದ ಕುಂಬಳಕಾಯಿ. ತುಪ್ಪದ ಹನಿ ಸೈತ ಇಲ್ಲ.

"ನಾಯಿ ಜೋಡಿ ಉಣ್ಣೂ ದೇವರವಾ. ಇವಗ ಪಥ್ಯ ಅಂದ್ರ ಅವಗೂ ಪಥ್ಯ. ಮೀನ ನೀ ಆಮ್ಯಾಲ ಹಾಕು, ನನ್ನ ಕಣ್ಣ ಮುಂದ ಬ್ಯಾಡ." ನಗಿಸಾಕ ಅಂದ ಮಾತಲ್ಲ. ದೋಣಿ ಇಟ್ಟು ದೇವರ ಖೋಲಿ ಕಡೆ ತಿರುಗಿ ಗಲ್ಲ ಬಡಕೊಂಡ್ರು. ದೇವರನ್ನ ಕೇಳಿ ಮಾಡಿದ್ದಲ್ಲ ಇದು.

ಉಂಡ. ದೋಣಿ ನೆಕ್ಕಿದ.

ಮಧ್ಯಾಹ್ನ. ಇವರು ಶಿರಗುಪ್ಪಿಗೆ ಟ್ರ್ಯಾಕ್ಟರ್ ಸಾಮಾನ ಮುಟ್ಟಸಾಕ ಹೋಗ್ಯಾರ. ಊಟಕ್ಕ ಬರತೇನಿ ಅಂದಿದ್ರು. ಊಟದ ಹೊತ್ತು ಮೀರೇತಿ. ಫೋನ್ ಹತ್ತವಲ್ದು. ಮಳಿ.

ಅತ್ತಿಯವರು ಬ್ರೂನೋನ ತುಟಿ ಮುಟ್ಟಿ ಮುಟ್ಟಿ ನೋಡಾಕತ್ತಾರ, ಬಾತೇತೇನಂತ. ನಾ — ಗಣಿತದ ಟೀಚರ್ — ಗೇಟ್ ನೋಡಾಕತ್ತೇನಿ.

ಈಗ ಬ್ರೂನೋ ತಲಿ ಎತ್ತಿದ. ಮಳಿ ಸಪ್ಪಳ ಬಿಟ್ರ ನಮಗೇನೂ ಕೇಳಸವಲ್ದು. ಅತ್ತಿಯವರು ನನ್ನ ಎಡಗೈ ಹಿಡದಾರ, ಬಿಗಿಯಾಗಿ.

ಒಂದ ಕಿವಿ ನೆಟ್ಟಗಾತು. ಇನ್ನೊಂದು—