ಹಳಿ ಕಿತ್ತ ದಾರಿಯಲ್ಲಿ

ಬೆಟ್ಟದ ಮನೆಯಿಂದ,
ಏಪ್ರಿಲ್ ೧೪, ಭಾನುವಾರ

ನನ್ನ ಮನೆಯೊಡತಿಗೆ,

ನಾನಿಲ್ಲಿ ಕ್ಷೇಮ. ನೀನು ಇವತ್ತಾದರೂ ಹೊಟ್ಟೆ ತುಂಬ ಉಂಡಿದ್ದೀಯೆ ಎಂದುಕೊಂಡಿದ್ದೇನೆ. ಉತ್ತರ ತಡವಾಯಿತು, ಬೈಯಬೇಡ. ಬೈದರೆ ನಿನಗೇ ಕೆಮ್ಮು ಬರುತ್ತದೆ. "ಆಸ್ಪತ್ರೆಯಿಂದ ಬಿಟ್ಟ ಕೂಡಲೇ ಮನೆಗೆ ಬರ್ತೀನಿ. ಗಣಿ ರೈಲಿನ ದಾರೀನ ಏನು ಮಾಡಿದಾರೆ, ಸೇತುವೆವರೆಗೆ ನನ್ನ ಕೈಲಿ ನಡೆಯೋಕಾಗುತ್ತಾ, ನೋಡಿ ಬರೀರಿ" ಎಂದು ಅಪ್ಪಣೆ ಮಾಡಿದ್ದೆಯಲ್ಲ. ನೋಡದೆ ಬರೆಯುವುದು ಹೇಗೆ? ನಿನ್ನೆ ಮೇಲಿನ ಸ್ಟೇಷನ್ನಿನಿಂದ ಕೆಳಗಿನ ಸ್ಟೇಷನ್ನಿನವರೆಗೆ ಇಡೀ ದಾರಿ ಇಳಿದೆ. ಇವತ್ತು ಮೊಣಕಾಲು ನನ್ನ ಜೊತೆ ಮಾತು ಬಿಟ್ಟಿದೆ.

ಈಗ ಅದರ ಹೆಸರು ಹಸಿರು ದಾರಿ. ಹಳಿಯಿದ್ದ ಕಡೆ ಸಣ್ಣ ಜಲ್ಲಿ ಹಾಸಿ ಗಟ್ಟಿ ಮಾಡಿದ್ದಾರೆ. ಸೈಕಲ್ಲಿನವರು ಬರ್ರೆಂದು ಇಳಿಯುವುದನ್ನು ಕಂಡರೆ ನನ್ನ ಕೈ ತಾನಾಗಿಯೇ ಬ್ರೇಕಿನ ಚಕ್ರ ಹುಡುಕುತ್ತದೆ. ಅದಿರು ತುಂಬಿದ ಗಾಡಿಗಳನ್ನು ಅದೇ ಇಳಿಜಾರಿನಲ್ಲಿ ಹಿಡಿದು ಇಳಿಸಿದವನು ನಾನು. ನಿನ್ನೆ ಒಬ್ಬ ಹುಡುಗಿ ಗಂಟೆ ಬಾರಿಸಿ, "ಅಜ್ಜಾ, ಸ್ವಲ್ಪ ಸೈಡು!" ಎಂದಳು. ಕೊಟ್ಟೆ, ಏನು ಮಾಡಲಿ.

ಮೇಲಿನ ಸ್ಟೇಷನ್ ಮಾಸ್ಟರರ ಹಳೆಯ ಕೋಣೆಯಲ್ಲಿ ನಿನ್ನ ತಂಗಿಯ ಟೀ ಅಂಗಡಿ ಜೋರಾಗಿ ನಡೆಯುತ್ತಿದೆ. ಕಿಟಕಿ ಪಕ್ಕದ ಕುರ್ಚಿಗೆ ಟವೆಲ್ ಹಾಕಿಟ್ಟಿದ್ದಳು. ಕೂರಲು ಹೋದರೆ, "ಭಾವ, ಅದು ಅಕ್ಕನಿಗೆ. ನೀವು ಬೆಂಚ್ ಮೇಲೆ ಕೂತ್ಕೊಳ್ಳಿ" ಎಂದಳು. ನನ್ನ ಮರ್ಯಾದೆ ಅಷ್ಟೇ. ಟೀ ಮಾತ್ರ ಚೆನ್ನಾಗಿತ್ತು.

ನೀವೆಲ್ಲ ಅದಿರು ಆರಿಸುತ್ತಿದ್ದ ಶೆಡ್ಡಿಗೆ ಸುಣ್ಣ ಬಳಿದು ಹಳೆಯ ಫೋಟೋ ಹಾಕಿದ್ದಾರೆ. ಸಾಲಾಗಿ ನಿಂತ ಹೆಂಗಸರಲ್ಲಿ ಒಬ್ಬಳು ಮಾತ್ರ ಬೆನ್ನು ತಿರುಗಿಸಿದ್ದಾಳೆ. ಒಬ್ಬ ಪ್ರವಾಸಿ, "ಇವರ್ಯಾಕೆ ಹೀಗೆ ನಿಂತಿದಾರೆ?" ಎಂದ. "ಅವಳು ನನ್ನ ಹೆಂಡ್ತಿ. ಕೆಲಸದ ಹೊತ್ತಲ್ಲಿ ಫೋಟೋ ಯಾಕೆ ಅಂತ ಸಿಟ್ಟು" ಎಂದೆ. ಆತ ನನ್ನನ್ನೂ ಆ ಬೆನ್ನಿನ ಪಕ್ಕ ನಿಲ್ಲಿಸಿ ಒಂದು ಫೋಟೋ ತೆಗೆದುಕೊಂಡ.

ಸುರಂಗದಲ್ಲಿ ನಾವು ನಡೆದಂತೆ ದೀಪ ತಾನಾಗಿ ಹತ್ತುತ್ತದೆ. ಹಿಂದೆ ಮುಂದೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ನಿನ್ನನ್ನು ಕೂಗಿದೆ. ನನ್ನ ದನಿಯೇ ವಾಪಸ್ ಬಂತು, ಆದರೂ ಹಿತವಾಯಿತು. ಸೇತುವೆಗೆ ಎದೆಮಟ್ಟದ ಕಟಕಟೆ ಬಂದಿದೆ. ಕೆಳಗಿನ ಹೊಳೆ ಆಗ ಅದಿರು ತೊಳೆದ ನೀರಿನಿಂದ ಕೆಂಪಗೆ ಹರಿಯುತ್ತಿತ್ತಲ್ಲ, ಈಗ ತಳದ ಕಲ್ಲು ಕಾಣುತ್ತದೆ. ನಾವು ದುಡಿದ ಜಾಗ ಹಾಳು ಬೀಳಲಿಲ್ಲವಲ್ಲ ಎಂದು ತುಂಬಾ ಹೊತ್ತು ಅಲ್ಲೇ ನಿಂತೆ. ನಿಜವಾಗಿ ಖುಷಿಯಾಯಿತು ಕಣೇ.

ಕೆಳಗೆ, ಅದಿರು ಇಳಿಸುತ್ತಿದ್ದ ಯಾರ್ಡಿನಲ್ಲಿ, ಈಗ ಮರಗಳಿವೆ, ಬೆಂಚುಗಳಿವೆ. ಅಲ್ಲಿಂದ ಒಂದಷ್ಟು ದೂರ ದಾರಿ ಸಪಾಟಾಗಿದೆ. ನೀನು ನನ್ನನ್ನು ಬೈಯುತ್ತಾ ನಡೆದರೂ ಉಸಿರು ಸಾಲುತ್ತದೆ.

ಮಾತ್ರೆಗಳನ್ನು ದಿಂಬಿನ ಕೆಳಗೆ ಅಡಗಿಸಬೇಡ, ನರ್ಸಮ್ಮ ಚಾಡಿ ಹೇಳಿದ್ದಾರೆ. ನೂರು ಕಾಲ ನನ್ನನ್ನು ಗದರಿಸುತ್ತಾ ಬಾಳು.

ನಿನ್ನ
ಬ್ರೇಕ್‌ಮನ್

ತಾ.ಕ.: ಸೇತುವೆಯ ಮಾತಿಗೆ ಉತ್ತರ ಕೊಡದೆ ಜಾರಿಕೊಂಡದ್ದು ನಿನಗೆ ಗೊತ್ತಾಗಿರುತ್ತದೆ. ದೊಡ್ಡ ಡಾಕ್ಟರು ಫೋನ್ ಮಾಡಿದ್ದರು. ನಿನ್ನ ಎದೆಯೊಳಗೆ ಕೂತ ಶೆಡ್ಡಿನ ಧೂಳು ಇನ್ನು ಹೋಗುವುದಿಲ್ಲವಂತೆ. ಇಷ್ಟು ಎತ್ತರದ ಗಾಳಿ ನಿನಗೆ ಸಾಲುವುದಿಲ್ಲವಂತೆ. ನೀನು ಮತ್ತೆ ಮೇಲೆ ಬರುವ ಹಾಗಿಲ್ಲ, ಒಂದು ದಿನದ ಮಟ್ಟಿಗೂ. "ಅವಳಿಗೆ ನಾನೇ ಹೇಳ್ತೀನಿ" ಎಂದು ಡಾಕ್ಟರಿಗೆ ಹೇಳಿದೆ. ಎದುರು ನಿಂತು ಹೇಳುವ ಧೈರ್ಯವಾಗದೆ ಬರೆಯುತ್ತಿದ್ದೇನೆ. ನಿನ್ನ ತಂಗಿಗೂ ಹೇಳಲು ಬಾಯಿ ಬರಲಿಲ್ಲ. ನಿನ್ನೆ ಯಾರ್ಡಿನ ಪಕ್ಕ ಒಂದು ಬಾಡಿಗೆ ಮನೆ ಗೊತ್ತು ಮಾಡಿ ಬಂದೆ. ಎರಡು ಕೋಣೆ, ಮೆಟ್ಟಿಲಿಲ್ಲ. ಬೆಟ್ಟ ಬಿಡುವುದು ನನಗೂ ಸಂಕಟವೇ, ಆದರೆ ನೀನಿಲ್ಲದೆ ಇಲ್ಲಿರುವುದು ಆಗದ ಮಾತು. ಆ ಮನೆಯ ಅಡುಗೆಮನೆ ಕಿಟಕಿಯಿಂದ ಬೆಟ್ಟ ಪೂರ್ತಿ ಕಾಣುತ್ತದೆ. ನಿನಗೆ ನೋಡಲಾಗದಿದ್ದರೆ ಪರದೆ ಹಾಕೋಣ.