ಬಾವಿಯ ಬಾಯಲ್ಲಿ ಸೊಸೆಯ ದನಿ

ಗರಗುಯಿ, ಕರಕುಮ್ ಮರಳುಗಾಡು
ನವೆಂಬರ್ ೬

ಪ್ರೀತಿಯ ಬೀಗಿತಿ ಸೋನಾ,

ಮೊದಲು ಕುಳಿತುಕೊಳ್ಳಿ, ಆಮೇಲೆ ಓದಿ. ನಿಮ್ಮ ಮಗಳು ಜೆಮಾಲ್ ತನ್ನ ಮಾವನೊಡನೆ ಮಾತಾಡಿಬಿಟ್ಟಳು. ಅವಸರದಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಕುಂಟುವ ಒಂಟೆಯಂತಿದ್ದರೆ ಕ್ಷಮಿಸಿ.

ಮದುವೆಯಾದಾಗಿನಿಂದ ತಲೆವಸ್ತ್ರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡೇ ಅವಳು ಚಹಾ ಕೊಟ್ಟಳು, ರೊಟ್ಟಿ ಸುಟ್ಟಳು. ಮಾವ ತಾವಾಗಿ ಉಡುಗೊರೆ ಕೊಟ್ಟು ಬಾಯಿ ಬಿಡಿಸುವವರೆಗೆ ಸೊಸೆಯ ದನಿ ಅವರ ಕಿವಿಗೆ ಬೀಳಬಾರದಲ್ಲ. ನಮ್ಮವರಿಗೆ ಆ ಅವಸರವೇ ಇರಲಿಲ್ಲ. ಮನೆಯಲ್ಲಿ ಮಾತಾಡಲು ನಾನೊಬ್ಬಳು ಸಾಲದೇ ಎಂದು ನನ್ನನ್ನೇ ಚುಚ್ಚುತ್ತಿದ್ದರು.

ಮೊನ್ನೆ ಬಾವಿಯ ಒಳಗೋಡೆಯ ಸಜಾಕ್ ಕೊಂಬೆಗಳ ಹೆಣಿಗೆ ಸಡಿಲಿತೆಂದು ನಮ್ಮವರು ಒಳಗಿಳಿದರು. ಮಗ ದೂರದಲ್ಲಿ ಹಗ್ಗ ಎಳೆಯುವ ಒಂಟೆಯ ಬಳಿ. ಬಾವಿಕಟ್ಟೆಯಲ್ಲಿ ನಾವಿಬ್ಬರು ಹೆಂಗಸರು. ಬಾವಿಯ ಸುತ್ತಲಿನ ಹಸಿ ಸಜಾಕ್ ಪೊದೆಗಳನ್ನು ಮದುವೆಯ ಪಲಾವಿನ ಒಲೆಗೆಂದು ಬುಡಸಹಿತ ಕೀಳಿಸಿದ್ದು ನಮ್ಮವರೇ. ಉಪ್ಪುನೀರು ಕುಡಿದೇ ಬದುಕಿ, ಮರಳನ್ನು ಬೇರಲ್ಲಿ ಬಿಗಿಹಿಡಿದು ನಿಂತಿದ್ದ ಪೊದೆಗಳು. ಬೇರು ಹೋಯಿತು, ಮರಳು ಜಾರಿತು. ನಮ್ಮ ಬೀಗರೂಟ ನಮ್ಮ ಬಾವಿಯನ್ನೇ ಉಂಡಿತು.

ಒಳಗೋಡೆ ಉಬ್ಬಿದ್ದನ್ನು ಜೆಮಾಲ್ ಕಂಡಳು. ಬಾಯಲ್ಲಿದ್ದ ಬಟ್ಟೆ ಉಗಿದಳು. "ಮಾವಾ, ಹಗ್ಗ ಹಿಡೀರಿ, ಗೋಡೆ ಬೀಳ್ತಿದೆ!" ಮಗ ಒಂಟೆಯನ್ನು ಓಡಿಸಿದ. ಇವರ ಕಾಲು ಹೊರಗೆ ಬಂತು, ಬಾವಿ ಒಳಗೆ ಹೋಯಿತು.

ಆಮೇಲೆ ಇವರು ಚಹಾ ಮುಟ್ಟಲಿಲ್ಲ, ಸೊಸೆಯತ್ತ ನೋಡಲಿಲ್ಲ. ಅವಳು ತವರಿಗೆ ಅಟ್ಟುತ್ತಾರೆಂದು ಗಂಟು ಕಟ್ಟಿಟ್ಟಳು.

ಇಂದು ಬೆಳಿಗ್ಗೆ ಇವರು ಬಿಳಿ ಕುರಿಯೊಂದನ್ನು ಎಳೆತಂದು ಅವಳ ಮುಂದೆ ನಿಲ್ಲಿಸಿದರು. ನೆರೆಯವರೆಲ್ಲ ನೋಡುತ್ತಿದ್ದರು.

"ತಗೋ ಮಗಳೇ. ಈ ಬಾಯನ್ನ ಇನ್ಯಾರೂ ಮುಚ್ಚಿಸಬಾರದು. ಮೊನ್ನೆ ಇದು ಮುಚ್ಚಿದ್ರೆ ನನ್ನ ಮೇಲೆ ಮರಳು ಮುಚ್ತಿತ್ತು."

ಜೆಮಾಲ್ ಅತ್ತಳು. ಆಮೇಲೆ ಶುರುಮಾಡಿದ ಮಾತು ಇನ್ನೂ ನಿಂತಿಲ್ಲ. ಆದ್ದರಿಂದ ಅವಳನ್ನು ಕರೆದೊಯ್ಯಲು ಯಾರೂ ಬರಬೇಡಿ. ನೋಡಲು ಬರುವುದಾದರೆ ಒಂದು ಚೀಲ ಸಜಾಕ್ ಬೀಜ ತನ್ನಿ. ಹೊಸ ಬಾವಿ ತೋಡುವ ಮೊದಲು ಬಿತ್ತಬೇಕು.

ಬೆಚ್ಚಿದ್ದು ಇನ್ನೂ ಇಳಿಯದ ನಿಮ್ಮ ಬೀಗಿತಿ,
ಎನೆಗುಲ್

ಮರೆತಿದ್ದೆ: "ತಾಘನ್ ಅಂತ ನನ್ನ ಹೆಸರು ಹಿಡಿದು ಕೂಗಿದ ಇನ್ನೊಬ್ಬಳು ಯಾರು?" ಎಂದು ಇವರು ಕೇಳಿದರು. ಗಂಡನ ಹೆಸರು ಹೇಳುವ ಹೆಂಗಸು ನಮ್ಮಲ್ಲಿ ಯಾರಿದ್ದಾರೆ, ಸಾಯುವಾಗ ಬಾವಿಯೇ ಕೂಗಿರಬೇಕು ಎಂದೆ. ಜೆಮಾಲ್‌ಗೆ ಗೊತ್ತು. ಈ ಒಂದು ವಿಷಯಕ್ಕೆ ಮಾತ್ರ ಬಾಯಿ ಮುಚ್ಚಿಕೊಂಡಿರಲು ಒಪ್ಪಿದ್ದಾಳೆ.