ಕಣ್ಣಿಗೊತ್ತಿಕೊಂಡರೆ ಉದುರುವ ಪುಸ್ತಕ

ಬೆಟಗೇರಿ
ವೈಶಾಖ ೩೭, ೨೩೧೪

ಹಿಂದಿನವರಿಗೆ,

ತಾರೀಖು ತಪ್ಪಾಗಿಲ್ಲ. ಇಲ್ಲಿ ಬಿಸಿಲು ಇಳಿಯುವ ತನಕ ವೈಶಾಖವನ್ನು ಮುಗಿಸುವುದಿಲ್ಲ, ದಿನ ಸೇರಿಸುತ್ತಾ ಹೋಗುತ್ತಾರೆ. ಮಾತು ವಿಚಿತ್ರ ಅನಿಸಿದರೆ ಕ್ಷಮಿಸಬೇಕು, ಮೂರನೇ ಇಯತ್ತೆಗೇ ನನ್ನ ಶಾಲೆ ನಿಂತಿತು. ಶಾಲೆ ಅಂದರೆ ಒಂದು ಮಾತುಗೋಡೆ. ಅದೇ ಪಾಠ ಹೇಳುತ್ತಿತ್ತು, ಅದೇ ಬೈಯುತ್ತಿತ್ತು. ಒಂದು ದಿನ ಕೆಟ್ಟಿತು, ರಿಪೇರಿಗೆ ಯಾರೂ ಬರಲಿಲ್ಲ. ಉಳಿದ ಅಕ್ಷರ ಅಂಗಡಿ ಬೋರ್ಡು ನೋಡಿ ಕಲಿತದ್ದು. ನನ್ನ ಕ್ಷಮೆ ಇಷ್ಟಕ್ಕೆ ಮಾತ್ರ. ಹಿರಿಯರಿಗೆ ಬರೆಯುವಾಗ ಮೊದಲಿಗೆ ನಮಸ್ಕಾರ ಬರೆಯುವುದು ರೂಢಿ, ಅದನ್ನು ಬೇಕಂತಲೇ ಬಿಟ್ಟಿದ್ದೇನೆ. ಈ ಪತ್ರ ಹಿಂದಂಚೆಯಲ್ಲಿ ಬರುತ್ತದೆ, ಅಂದರೆ ಹೋದ ಕಾಲಕ್ಕೆ ಕಾಗದ ಒಯ್ಯುವ ಟಪಾಲು. ಟಪಾಲಿನವರು ಉತ್ತರ ತರುವುದಿಲ್ಲ, ಯಾವ ವರ್ಷಕ್ಕೆ ಮುಟ್ಟುತ್ತದೆ ಅಂತ ಖಾತ್ರಿಯನ್ನೂ ಕೊಡುವುದಿಲ್ಲ. ನಿಮ್ಮನ್ನು ದಾಟಿ ನಿಮ್ಮ ಮುತ್ತಜ್ಜನಿಗೆ ಮುಟ್ಟಿದರೆ ಆತ ಏನೂ ಮಾಡದೆ ಬೈಸಿಕೊಳ್ಳುತ್ತಾನಲ್ಲ, ಅದೊಂದು ಚಿಂತೆ ನಿನ್ನೆಯಿಂದ ಹತ್ತಿದೆ.

ನನ್ನ ಹೆಸರು ನೀಲವ್ವ ಬಾರಕೇರ. ಮಂಜುಬಲೆ ತೊಳೆಯುವುದು ನನ್ನ ಕೆಲಸ. ಕುಡಿಯುವ ನೀರಿಗಾಗಿ ಮಾಳಿಗೆಗಳ ಮೇಲೆ ಬಲೆ ಕಟ್ಟಿ ನಸುಕಿನ ಮಂಜು ಹಿಡಿಯುತ್ತೇವೆ, ಬಲೆಗೆ ಪಾಚಿ ಕಟ್ಟುತ್ತದೆ, ಅದನ್ನು ಉಜ್ಜಬೇಕು. ಕೈ ಯಾವಾಗಲೂ ಒದ್ದೆ. ಆದರೆ ಬಹಳ ದಿನದಿಂದ ನನಗೆ ಬೀಳುವ ಕನಸು ಒಂದೇ. ಕೆಳಗಿನ ಓಣಿಯಲ್ಲಿ ಹೊನ್ನವ್ವ ಪತ್ತಾರ ಅವರ ಹಳೇ ಪುಸ್ತಕದ ಅಂಗಡಿ ಇದೆ. ಕನಸಿನಲ್ಲಿ ನಾನು ಅಲ್ಲಿ ಕೂತು ಹೊತ್ತಿಗೆಗಳಿಗೆ ಕೆಂಪು ಬಟ್ಟೆ ಸುತ್ತುತ್ತಿರುತ್ತೇನೆ, ಹುಳ ಬರದಂತೆ ನಡುವೆ ಬಜೆಯ ತುಂಡು ಇಡುತ್ತಿರುತ್ತೇನೆ. ಕನಸಿನಲ್ಲೂ ಕೈ ಒದ್ದೆ ಇದೆಯೇನೋ ಅಂತ ಸೀರೆಗೆ ಒರೆಸಿಕೊಳ್ಳುತ್ತೇನೆ. ನಮ್ಮ ಮನೆಯವರು ನಗುತ್ತಾರೆ. “ಆ ಅಂಗಡಿ ಸೇರಿದಿ ಅಂದ್ರ ನನ್ನೂ ಕೆಂಪು ಬಟ್ಯಾಗ ಸುತ್ತಿ ಅಟ್ಟದ ಮ್ಯಾಲ ಇಡ್ತಿ ಬಿಡು,” ಅನ್ನುತ್ತಾರೆ.

ಹೋದ ವರ್ಷ ಅಲ್ಲಿ ಒಂದು ಜಾಗ ಖಾಲಿ ಆಯಿತು. ಧೈರ್ಯ ಮಾಡಿ ಹೋಗಿ ಕೇಳಿದೆ. ಕೈ ಒಣಗಲಿ ಅಂತ ಅದಕ್ಕೂ ಮೊದಲು ಕೆಲವು ದಿನ ತೌಡಿನಲ್ಲಿ ತಿಕ್ಕಿಕೊಂಡಿದ್ದೆ. ಹೊನ್ನವ್ವ ಅಕ್ಕಾರು ಒಳಗೆ ಕರೆದು ಒಂದೊಂದೇ ಕೊಟ್ಟು ನೋಡಿದರು. ತಾಳೆಗರಿ ಬಿಚ್ಚಿ ಕಟ್ಟಿದೆ, ಏನೂ ಆಗಲಿಲ್ಲ. ಕೈಯಲ್ಲಿ ಮಾಡಿದ ಕಾಗದದ ಹೊತ್ತಿಗೆ, ನಿಮಗಿಂತ ಎಷ್ಟೋ ಮುಂಚಿನದು, ಹಾಳೆ ತಿರುವಿದರೆ ಒಗೆದ ಧೋತರದ ಹಾಗೆ ಬಗ್ಗಿತು. ಆಮೇಲೆ ಹೊಟ್ಟುಕಪಾಟಿಗೆ ಕರೆದೊಯ್ದರು. ನಿಮ್ಮ ಕಾಲದ ಪುಸ್ತಕ ಇಡುವ ಕಪಾಟನ್ನು ಇಲ್ಲಿ ಎಲ್ಲರೂ ಹಾಗೇ ಕರೆಯುವುದು, ಒಳಗಿರುವುದು ಹೊಟ್ಟೇ. ಅವನ್ನು ಯಾರೂ ಕೈಯಿಂದ ಎತ್ತುವುದಿಲ್ಲ, ಹಲಗೆ ತೂರಿಸಿ ಎತ್ತುತ್ತಾರೆ. ಆ ದಿನ ಗಾಳಿಗೆ ಅಂತ ಪುಸ್ತಕ ಸಮೇತ ಹಲಗೆಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಿದ್ದರು.

ನನ್ನ ಕಾಲು ಒಂದು ಪುಸ್ತಕಕ್ಕೆ ತಾಗಿತು.

ತಾಗಿದರೆ ಏನು ಮಾಡುತ್ತಾರೆ, ನೀವೇ ಹೇಳಿ. ನಿಮ್ಮ ಮನೆಯಲ್ಲೂ ಅದನ್ನೇ ಮಾಡುತ್ತೀರಿ, ನೀವು ಕಲಿಸಿದ್ದೇ ನಮ್ಮ ತನಕ ಬಂದಿದೆ. ಯೋಚನೆ ಮಾಡುವುದರೊಳಗೆ ಬಗ್ಗಿ ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡಿದ್ದೆ. ಸಪ್ಪಳ ಸಹ ಆಗಲಿಲ್ಲ. ಮುಖದಿಂದ ಕೈ ತೆಗೆದಾಗ ಕೈಯಲ್ಲಿ ಹುಡಿ, ಸೆರಗಿನಲ್ಲಿ ಹುಡಿ. ಅದು ಬಸ್ ಕಂಡಕ್ಟರ್ ಒಬ್ಬ ತನ್ನ ರೂಟಿನ ಬಗ್ಗೆ ಬರೆದ ಪುಸ್ತಕವಂತೆ, ಉಳಿದಿದ್ದು ಅದೊಂದೇ ಪ್ರತಿ. ಕೆನ್ನೆಗೆ ಒಂದು ಚೂರು ಅಂಟಿತ್ತು. ತೆಗೆದು ಓದಿದೆ: “ಟಿಕೆಟ್ ತಗೊಂಡ ಮೇಲೆ ಆ ಮುದುಕಿ.” ಆ ಮುದುಕಿ ಏನು ಮಾಡಿದಳು ಅಂತ ಇನ್ನು ಭೂಮಿ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಹೊದಿಕೆಗೆ ಮಾತ್ರ ಏನೂ ಆಗಲಿಲ್ಲ. ಅದಕ್ಕೆ ಪ್ಲಾಸ್ಟಿಕ್ ಮೆತ್ತಿದ್ದಿರಲ್ಲ, ಇವತ್ತಿಗೂ ಮಿರಮಿರ ಹೊಳೆಯುತ್ತದೆ, ಕಂಡಕ್ಟರು ಅದರಲ್ಲಿ ನಗುತ್ತಾ ನಿಂತಿದ್ದಾನೆ.

ಅಕ್ಕಾರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಕೈ ಚಲೋ ಐತಿ ನೀಲವ್ವ. ಭಕ್ತಿ ಜಾಸ್ತಿ ಆತು. ಭಕ್ತಿ ಇದ್ದವರು ಈ ಕಪಾಟಿಗೆ ನಡಿಯೂದಿಲ್ಲ. ಕಾಲು ತಾಗಿದ್ರೂ ಬಗ್ಗದಂಗ ನಡಿಯೂದು ಕಲಿ, ಕಲತ ಮ್ಯಾಲ ಬಾ,” ಅಂದರು.

ಆವತ್ತಿನಿಂದ ಮನೆಯಲ್ಲಿ ಅದನ್ನೇ ಕಲಿಯುತ್ತಿದ್ದೇನೆ. ಪುಸ್ತಕ ಎಲ್ಲಿಂದ ತರಲಿ, ನೆಲದ ಮೇಲೆ ಒಂದು ಹಲಗೆ ಇಟ್ಟು ಅದರ ಮೇಲೆ ಇದ್ದಿಲಿನಲ್ಲಿ ಅ ಆ ಇ ಈ ಬರೆದಿದ್ದೇನೆ. ಬೇಕಂತಲೇ ಕಾಲು ತಾಗಿಸುತ್ತೇನೆ, ಮುಂದೆ ಹೋಗಬೇಕು. ಬೆನ್ನು ತಾನೇ ಬಗ್ಗುತ್ತದೆ, ಕೈ ತಾನೇ ಕಣ್ಣಿಗೆ ಹೋಗುತ್ತದೆ. ನಮ್ಮ ಮನೆಯವರು ಮೊದಮೊದಲು ನಕ್ಕರು, ಈಗ ಆ ಹೊತ್ತಿಗೆ ಎದ್ದು ಹೊರಗೆ ಹೋಗುತ್ತಾರೆ. ನನಗೆ ಒಳಗೊಳಗೇ ಹೆದರಿಕೆ. ಇದನ್ನು ಕಲಿತುಬಿಟ್ಟರೆ ಮುಂದೆ ಮನುಷ್ಯರಿಗೆ ಕಾಲು ತಾಗಿದರೂ ಹೀಗೇ ಹೋಗಿಬಿಡುತ್ತೇನೇನೋ.

ನಿಮಗೆ ಒಳ್ಳೆಯ ಕಾಗದ ಮಾಡಲು ಬರುತ್ತಿರಲಿಲ್ಲ ಅಂತಿದ್ದರೆ ನಾನು ಸುಮ್ಮನಿರುತ್ತಿದ್ದೆ. ಬರುತ್ತಿತ್ತು. ನಿಮ್ಮ ಹಿಂದಿನವರು ಮಾಡಿ ತೋರಿಸಿದ್ದರು, ಅವು ಇವತ್ತಿಗೂ ನನ್ನ ಕೈಯಲ್ಲಿ ಬಗ್ಗುತ್ತವೆ. ನೀವು ಬೆನ್ನಿಗೆ ದಾರ ಹೊಲಿಯುವುದು ಬಿಟ್ಟು ಅಂಟು ಬಳಿದಿರಿ, ಅಗ್ಗದ ಹಾಳೆಯಲ್ಲಿ ಸಾವಿರಗಟ್ಟಲೆ ಅಚ್ಚು ಹಾಕಿದಿರಿ, ಬಿಡುಗಡೆ ದಿನ ಶಾಲು ಹೊದಿಸಿಕೊಂಡು ಫೋಟೋ ತೆಗೆಸಿಕೊಂಡಿರಿ. ಮತ್ತೆ ಅದೇ ಬಾಯಲ್ಲಿ ಮಕ್ಕಳಿಗೆ ಪುಸ್ತಕ ಅಂದರೆ ಸರಸ್ವತಿ ಅಂತ ಕಣ್ಣಿಗೊತ್ತಿಸಿದಿರಿ. ಎರಡರಲ್ಲಿ ಒಂದನ್ನಾದರೂ ನಿಲ್ಲಿಸಿ. ಕಣ್ಣಿಗೊತ್ತಿದರೂ ತಡೆಯುವ ಪುಸ್ತಕ ಮಾಡಿ, ಇಲ್ಲವೇ ಒತ್ತಿಕೊಳ್ಳುವುದನ್ನು ಕಲಿಸಬೇಡಿ.

ನಾಳಿದ್ದು ಅಕ್ಕಾರು ಮತ್ತೆ ಕರೆದಿದ್ದಾರೆ, ಇನ್ನೊಮ್ಮೆ ಕರೆಯುವುದಿಲ್ಲ. ನನ್ನನ್ನು ಪರೀಕ್ಷೆ ಮಾಡಲು ದಾರಿಯಲ್ಲಿ ನಿಮ್ಮದೇ ಒಂದು ಪುಸ್ತಕ ಇಟ್ಟಿರುತ್ತಾರೆ. ಅದಕ್ಕೆ ಕಾಲು ತಾಗಿಸಿ, ಬಗ್ಗದೆ, ಹಿಂದೆ ನೋಡದೆ ಹೋಗುತ್ತೇನೆ. ಆ ಪಾಪ ನನಗೆ ಹತ್ತುವುದು ಬೇಡ, ನೀವೇ ಇಟ್ಟುಕೊಳ್ಳಿ.

ನೀಲವ್ವ